ಹಿಮದೂರಿಗೆ ಹೊರಡುವ ಮುನ್ನ

ಆಗಮನ ಕಾಲ ಶುರುವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತವೆ. ಈ ಸಲ ಗೋದಲಿ ಹೇಗೆ ಕಟ್ಟೋಣ ಎಂಬುದು ಒಂದು. ರಜೆಗೆ ಎಲ್ಲಿಗೆ ಹೋಗೋಣ ಎಂಬುದು ಇನ್ನೊಂದು. ಗೋದಲಿಯ ಮೇಲೆ ಹತ್ತಿಯ ಹಿಮ ಹರಡುವ ಮಕ್ಕಳು "ಖರೇ ಹಿಮ ಯಾವಾಗ ತೋರಸ್ತೀರಿ?" ಎಂದು ಕೇಳುವುದೂ ಆಗಲೇ. ಸಾಂಗ್ಲಿ-ಮಿರಜಿನ ಚಳಿಗಾಲವೆಂದರೆ ಬೆಳಗ್ಗೆ ಒಂದು ಸ್ವೆಟರ್, ಹತ್ತು ಗಂಟೆಗೆ ಬಿಸಿಲು. ಹಿಮವನ್ನು ನಾವು ನೋಡಿದ್ದೆಲ್ಲ ಸಿನಿಮಾದಲ್ಲಿ, ಕ್ಯಾಲೆಂಡರಿನಲ್ಲಿ, ಈಗ ಮೊಬೈಲಿನಲ್ಲಿ.

ಆದರೆ ಈಗ ಕಾಲ ಬದಲಾಗಿದೆ. ಕಂತಿನ ಮೇಲೆ ಪ್ರವಾಸ ಮಾಡಿಸುವ ಏಜೆಂಟರು ನಮ್ಮ ಬೀದಿಗೇ ಬಂದಿದ್ದಾರೆ. ಗುಲ್ಮಾರ್ಗ್, ಔಲಿ, ಮನಾಲಿ ಎಂಬ ಹೆಸರುಗಳು ಮಕ್ಕಳ ಬಾಯಲ್ಲಿವೆ. ಊರು ಹೆಚ್ಚುಕಡಿಮೆ ನಿಗದಿಯಾಗುವ ಹೊತ್ತಿಗೆ ಮನೆಯ ಮೂಲೆಯಿಂದ ಒಂದು ಧ್ವನಿ ಕೇಳುತ್ತದೆ: "ನೀವ ಹೋಗಿ ಬರ್ರಿ. ನಾ ಮನ್ಯಾಗ ಇರ್ತೀನಿ." ಅದು ಆಯಿಯ ಧ್ವನಿ. ನಾವು ಎರಡು ಸಲ ಒತ್ತಾಯ ಮಾಡುತ್ತೇವೆ, ಮೂರನೇ ಸಲ ಸುಮ್ಮನಾಗುತ್ತೇವೆ. ಕ್ರಿಸ್ತಜಯಂತಿಯ ವಾರದಲ್ಲಿ ಮನೆಯ ಹಿರಿಯ ಜೀವ ಒಂದೇ ಉಳಿದುಬಿಡುತ್ತದೆ.

ಹಿಮದೂರನ್ನು ಆರಿಸುವುದು ಫೋಟೋ ನೋಡಿ ಮಾಡುವ ಕೆಲಸವಲ್ಲ. ಆ ಊರು ಮೊದಲು ಯಾರಿಗಾಗಿ ಹುಟ್ಟಿತು, ನಮ್ಮ ಮನೆಯಲ್ಲಿ ಎಲ್ಲರಿಗಿಂತ ದುರ್ಬಲರು ಯಾರು, ಈ ಎರಡನ್ನೂ ಜೋಡಿಸಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಅದಕ್ಕಾಗಿ ಮೊದಲು ಆಲ್ಪ್ಸ್ ಪರ್ವತದ ಹಳೆಯ ಊರುಗಳ ಕತೆ ಸ್ವಲ್ಪ ತಿಳಿದುಕೊಳ್ಳೋಣ.

ಆಶ್ರಯವಾಗಿ ಹುಟ್ಟಿದ ಊರುಗಳು

ಆಲ್ಪ್ಸ್‌ನಲ್ಲಿ ಹಿಮ ಮೊದಲು ಆಟದ ವಸ್ತುವಾಗಿರಲಿಲ್ಲ, ಭಯದ ವಸ್ತುವಾಗಿತ್ತು. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಒಂದು ಕಣಿವೆದಾರಿ 2,469 ಮೀಟರ್ ಎತ್ತರದಲ್ಲಿದೆ. ರೋಮಿಗೆ ಹೊರಟ ಯಾತ್ರಿಕರು ಅಲ್ಲಿ ಹಿಮದಲ್ಲಿ ಸಿಕ್ಕಿ ಸಾಯುತ್ತಿದ್ದರು. 11ನೇ ಶತಮಾನದಲ್ಲಿ ಆವೋಸ್ತಾದ ಸಂತ ಬರ್ನಾರ್ಡರು ಅಲ್ಲೊಂದು ಆಶ್ರಯಧಾಮ ಕಟ್ಟಿದರು. ದಾರಿ ತಪ್ಪಿದವರನ್ನು ಹುಡುಕಿ ತರುವುದು, ಬಿಸಿ ಊಟ ಕೊಡುವುದು, ಮಲಗಲು ಜಾಗ ಕೊಡುವುದು ಅಲ್ಲಿನ ಗುರುಗಳ ಕೆಲಸ. ನಾವು 'ಸೇಂಟ್ ಬರ್ನಾರ್ಡ್' ಎಂದು ಕರೆಯುವ ದೊಡ್ಡ ನಾಯಿಗಳ ಹೆಸರು ಬಂದಿದ್ದು ಆ ಧಾಮದಿಂದಲೇ. ಜಗದ್ಗುರು ಹನ್ನೊಂದನೇ ಪಯಸ್ ಅವರು 1923ರಲ್ಲಿ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ಆ ಜಗದ್ಗುರುಗಳು ಯುವ ಗುರುವಾಗಿದ್ದಾಗ ಸ್ವತಃ ಆಲ್ಪ್ಸ್‌ನ ಮೋಂಟೆ ರೋಸಾ ಹತ್ತಿದವರು.

ಎರಡನೆಯ ಬಗೆಯ ಊರು ರೋಗಿಗಳಿಗಾಗಿ ಹುಟ್ಟಿದ್ದು. ಕ್ಷಯಕ್ಕೆ ಔಷಧಿಯಿಲ್ಲದ ಕಾಲದಲ್ಲಿ ಒಣಗಾಳಿ, ಬಿಸಿಲು, ವಿಶ್ರಾಂತಿಗಳೇ ಚಿಕಿತ್ಸೆ. ಸ್ವಿಟ್ಜರ್ಲೆಂಡಿನ ದಾವೋಸ್‌ಗೆ 1865ರ ಫೆಬ್ರವರಿಯಲ್ಲಿ ಮೊದಲ ಚಳಿಗಾಲದ ರೋಗಿಗಳು ಬಂದರು. ಆಮೇಲೆ ಆ ಊರು ಸ್ಯಾನಿಟೋರಿಯಂಗಳ ಊರೇ ಆಯಿತು. ಇದು ನಮಗೆ ಅಪರಿಚಿತ ಕತೆಯಲ್ಲ. ಮಿರಜಿನಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಮಿಷನ್ ಆಸ್ಪತ್ರೆ ತೆರೆದರು. ಮುಂದೆ ಸಾಂಗ್ಲಿ-ಮಿರಜಿನ ನಡುವೆ ವಾನ್ಲೆಸ್‌ವಾಡಿಯಲ್ಲಿ ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂ ಬಂತು. ಒಣಹವೆಯನ್ನು ನಂಬಿ ರೋಗಿಗಳು ಬಂದಿಳಿದ ಊರು ನಮ್ಮದೂ ಹೌದು.

ಅದೇ 1894ರಲ್ಲಿ ದಾವೋಸ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಷರ್ಲಾಕ್ ಹೋಮ್ಸ್ ಪತ್ತೇದಾರಿ ಕತೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ನಿಯ ಕ್ಷಯ ಚಿಕಿತ್ಸೆಗಾಗಿ ಅಲ್ಲಿ ನೆಲೆಸಿದ್ದರು. ಮಾರ್ಚ್ ತಿಂಗಳಲ್ಲಿ ಅವರು ಇಬ್ಬರು ಸ್ಥಳೀಯರ ಜೊತೆ ಸ್ಕೀ ಕಟ್ಟಿಕೊಂಡು ಬೆಟ್ಟ ದಾಟಿ ಅರೋಸಾ ಎಂಬ ಊರಿಗೆ ಹೋದರು, ಆ ಅನುಭವವನ್ನು ಲಂಡನ್ನಿನ ಪತ್ರಿಕೆಯೊಂದರಲ್ಲಿ ಬರೆದರು. ಸ್ಕೀ ಎಂದರೆ ಕಾಲಿಗೆ ಕಟ್ಟುವ ಉದ್ದನೆಯ ಜಾರುಪಟ್ಟಿ. ನಾರ್ವೆಯವರು ಹಿಮದಲ್ಲಿ ಓಡಾಡಲು ಬಳಸುತ್ತಿದ್ದ ಆ ಸಾಧನ ಆಲ್ಪ್ಸ್‌ನಲ್ಲಿ ಆಟವಾಗಿ ಬೆಳೆದದ್ದು ಆ ದಿನಗಳಲ್ಲಿ.

ಮೂರನೆಯ ಬಗೆ, ಅತಿಥಿಗಳಿಗಾಗಿ ಬೆಳೆದ ಊರು. ಸೇಂಟ್ ಮೊರಿಟ್ಜ್‌ನ ಹೋಟೆಲ್ ಮಾಲೀಕ ಯೊಹಾನೆಸ್ ಬಾದ್ರುಟ್ 1864ರಲ್ಲಿ ತನ್ನ ಬೇಸಿಗೆಯ ಇಂಗ್ಲಿಷ್ ಅತಿಥಿಗಳಿಗೆ "ಚಳಿಗಾಲದಲ್ಲಿ ಬನ್ನಿ, ಬಿಸಿಲು ಹಿಡಿಸದಿದ್ದರೆ ದಾರಿಖರ್ಚು ನನ್ನದು" ಎಂದು ಪಣ ಕಟ್ಟಿದನೆಂಬ ಕತೆ ಅಲ್ಲಿ ಪ್ರಸಿದ್ಧ. ಬಂದವರು ಈಸ್ಟರ್‌ವರೆಗೂ ಉಳಿದರಂತೆ. ಮೊದಲ ಚಳಿಗಾಲದ ಒಲಿಂಪಿಕ್ಸ್ 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆಯಿತು. ಎರಡನೆಯದು 1928ರಲ್ಲಿ ಸೇಂಟ್ ಮೊರಿಟ್ಜ್‌ನಲ್ಲಿ.

ಈ ಕತೆಯಿಂದ ನಮಗೆ ಸಿಗುವ ಪಾಠ ಒಂದಿದೆ. ರೋಗಿಗಳಿಗಾಗಿ, ಅತಿಥಿಗಳಿಗಾಗಿ ಬೆಳೆದ ಊರುಗಳು ಬಹಳ ಎತ್ತರದಲ್ಲಿಲ್ಲ. ದಾವೋಸ್ ಸುಮಾರು 1,560 ಮೀಟರ್, ಸೇಂಟ್ ಮೊರಿಟ್ಜ್ ಸುಮಾರು 1,800 ಮೀಟರ್, ಶಾಮೊನಿ ಸಾವಿರಕ್ಕಿಂತ ಸ್ವಲ್ಪವೇ ಹೆಚ್ಚು. ಅಲ್ಲಿ ಬಾಗಿಲವರೆಗೆ ರೈಲು, ನಡೆಯಲು ಸಮತಟ್ಟಾದ ದಾರಿ, ಹತ್ತಿರ ವೈದ್ಯರು, ಬಿಸಿಲಿಗೆ ಕೂರಲು ಜಗಲಿ ಎಲ್ಲವೂ ಇವೆ. ಸ್ಕೀ ಮಾಡದವರಿಗೂ ದಿನವಿಡೀ ಮಾಡಲು ಏನಾದರೂ ಇರುತ್ತದೆ. ಯೂರೋಪಿನಲ್ಲಿ ಕೆಲಸ ಮಾಡುವ ಮಗ, ಮಗಳು, ನರ್ಸ್ ಆಗಿರುವ ತಂಗಿ ನಿಮ್ಮನ್ನು ಕರೆದರೆ ಇಂಥ ಹಳೆಯ ಊರನ್ನೇ ಕೇಳಿ. ಝೆರ್ಮಾಟ್‌ನಂಥ ಊರಿನಲ್ಲಿ ಪೆಟ್ರೋಲ್ ಕಾರುಗಳೇ ಇಲ್ಲ. ರೈಲಿನಿಂದಿಳಿದು ನಿಧಾನವಾಗಿ ನಡೆದರೆ ಸಾಕು. ಉಳಿದವರಿಗೆ, ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ಹಿಮಾಲಯವೇ ಹತ್ತಿರ.

ಗುಲ್ಮಾರ್ಗ್: ಆಟಕ್ಕೆ ಹೆಸರಾದ ಊರು

ನಮ್ಮ ದೇಶದಲ್ಲಿ ಸ್ಕೀ ಎಂದರೆ ಮೊದಲ ಹೆಸರು ಕಾಶ್ಮೀರದ ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಇದು ಮೊದಲಿಗೆ ಬೇಸಿಗೆಯ ಹುಲ್ಲುಗಾವಲು. ಮೊಗಲ್ ದೊರೆ ಜಹಾಂಗೀರ್ ಇಲ್ಲಿನ ಹೂವುಗಳನ್ನು ಮೆಚ್ಚಿದ್ದ. ಆಮೇಲೆ ಬ್ರಿಟಿಷರು ಗಾಲ್ಫ್ ಆಡಲು ಬಂದರು. 1902ರಲ್ಲಿ ಕಟ್ಟಿದ ಸೇಂಟ್ ಮೇರಿ ಚರ್ಚ್ ಇಂದಿಗೂ ಹಿಮದ ನಡುವೆ ನಿಂತಿದೆ. 1927ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಇಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಸ್ಥಾಪಿಸಿದರು. ಬೇಸಿಗೆಯ ಊರು ಚಳಿಗಾಲದ ಊರಾದದ್ದು ಹೀಗೆ.

ಸ್ವಾತಂತ್ರ್ಯಾನಂತರ ಸರ್ಕಾರ ಇಲ್ಲಿ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ತೆರೆಯಿತು. ಗೊಂಡೋಲಾ ಎಂಬ ರೋಪ್‌ವೇಯ ಮೊದಲ ಹಂತ 1998ರಲ್ಲಿ, ಎರಡನೇ ಹಂತ 2005ರಲ್ಲಿ ಆರಂಭವಾದವು. ಮೊದಲ ಹಂತ ಕೊಂಗ್‌ದೂರಿಯವರೆಗೆ, ಸುಮಾರು 3,080 ಮೀಟರ್. ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಇಲ್ಲಿ ನಡೆಯುತ್ತಿವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಇದೇ ಇಳಿಜಾರಿನಲ್ಲಿ ಕಲಿತವರು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರೂ ಇಲ್ಲಿ ಪದಕಗಳನ್ನು ಗೆದ್ದಿದ್ದಾರೆ. ಕಾಫಿ ತೋಟದ ಸೀಮೆಯ ಹುಡುಗಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೂ ಸಾಧ್ಯ.

ಕಲಿಯುವವರಿಗೆ ಗುಲ್ಮಾರ್ಗ್ ಒಳ್ಳೆಯ ಊರು. ಗಾಲ್ಫ್ ಮೈದಾನದ ಸುತ್ತಲಿನ ಸಣ್ಣ ಇಳಿಜಾರುಗಳು ಹೊಸಬರಿಗೆ ಹೇಳಿಮಾಡಿಸಿದಂತಿವೆ. ಬೂಟು, ಸ್ಕೀ, ಜಾಕೆಟ್ ಬಾಡಿಗೆಗೆ ಸಿಗುತ್ತವೆ. ಆದರೆ ಎರಡನೇ ಹಂತದ ಮೇಲಿನ ಇಳಿಜಾರು ಪಳಗಿದವರದ್ದು. 2023 ಮತ್ತು 2024ರ ಫೆಬ್ರವರಿಯಲ್ಲಿ ಹಿಮಕುಸಿತದಲ್ಲಿ ವಿದೇಶಿ ಸ್ಕೀಪಟುಗಳೇ ಅಲ್ಲಿ ಪ್ರಾಣ ಕಳೆದುಕೊಂಡರು. ಗಾಳಿ ಜೋರಾದರೆ ಗೊಂಡೋಲಾ ನಿಲ್ಲಿಸುತ್ತಾರೆ. 2017ರ ಜೂನ್‌ನಲ್ಲಿ ಗಾಳಿಗೆ ಮರ ಉರುಳಿ ತಂತಿಗೆ ಬಿದ್ದು ಏಳು ಮಂದಿ ಸತ್ತ ಮೇಲೆ ಆ ಎಚ್ಚರಿಕೆ ಏಕೆಂದು ಯಾರೂ ಕೇಳಬೇಕಾಗಿಲ್ಲ. "ಹಣ ಕೊಟ್ಟಿದ್ದೇವೆ, ಬಿಡಿ" ಎಂದು ವಾದಿಸಬೇಡಿ.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿ ಉಗ್ರರ ದಾಳಿಯಲ್ಲಿ 26 ಮಂದಿ ಸತ್ತರು. ಅವರಲ್ಲಿ ಕರ್ನಾಟಕದವರೂ ಮಹಾರಾಷ್ಟ್ರದವರೂ ಇದ್ದರು. ಆಗ ಅನೇಕ ತಾಣಗಳನ್ನು ಮುಚ್ಚಿ, ಆಮೇಲೆ ಹಂತಹಂತವಾಗಿ ತೆರೆಯಲಾಯಿತು. ಕಾಶ್ಮೀರಕ್ಕೆ ಹೋಗುವುದು, ಬಿಡುವುದು ಪ್ರತಿ ಕುಟುಂಬದ ನಿರ್ಧಾರ. ಹೋಗುವುದಾದರೆ ಟಿಕೆಟ್ ತೆಗೆಸುವಾಗ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಸರ್ಕಾರದ ಸೂಚನೆಗಳನ್ನು ನೋಡಿ. ಹಣ ಹಿಂದಿರುಗಿಸುವ ಷರತ್ತನ್ನು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.

ಶಿಮ್ಲಾ: ಕುಟುಂಬಕ್ಕೆ ಒಗ್ಗುವ ಊರು

ಸೇಂಟ್ ಮೊರಿಟ್ಜ್‌ನಲ್ಲಿ ಪಣ ಕಟ್ಟಿದ ಅದೇ 1864ರಲ್ಲಿ ಶಿಮ್ಲಾ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯಾಯಿತು. ಕಚೇರಿ, ಸಂಸಾರ, ಮಕ್ಕಳು, ಆಯಾಗಳ ಸಮೇತ ಜನ ವರ್ಷಕ್ಕೊಮ್ಮೆ ಬಂದು ನೆಲೆಸಿದ ಊರು ಇದು. ಆದ್ದರಿಂದಲೇ ಇಲ್ಲಿ ಮಾಲ್ ರಸ್ತೆ, ಕೂರುವ ಬೆಂಚು, ಆಸ್ಪತ್ರೆ, ಚರ್ಚು, ಅಂಗಡಿ ಎಲ್ಲ ಹತ್ತಿರ ಹತ್ತಿರ. ಎತ್ತರ ಸುಮಾರು 2,200 ಮೀಟರ್. ನೈಸರ್ಗಿಕ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಆಡುವ ಮೈದಾನ 1920ರಷ್ಟು ಹಳೆಯದು. ಸಂತ ಮೈಕೆಲರ ಹೆಸರಿನ ಕಥೋಲಿಕ ಪ್ರಧಾನಾಲಯ ಊರಿನೊಳಗೇ ಇದೆ, ಭಾನುವಾರದ ಬಲಿಪೂಜೆಗೆ ತೊಂದರೆಯಿಲ್ಲ.

ಶಿಮ್ಲಾದ ದೊಡ್ಡ ಸಂತೋಷ ದಾರಿಯಲ್ಲೇ ಇದೆ. ಕಾಲ್ಕಾದಿಂದ ಶಿಮ್ಲಾಕ್ಕೆ ಹತ್ತುವ 96 ಕಿಲೋಮೀಟರಿನ ಪುಟ್ಟ ರೈಲು 1903ರದ್ದು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೂರಕ್ಕೂ ಹೆಚ್ಚು ಸುರಂಗ, ಎಂಟುನೂರಕ್ಕೂ ಹೆಚ್ಚು ಸೇತುವೆ. ಮಿರಜಿನ ಹಿರಿಯರಿಗೆ ಈ ರೈಲು ಹಳೆಯ ನೆಂಟನಂತೆ ಕಾಣಬಹುದು. ಬ್ರಾಡ್‌ಗೇಜ್ ಆಗುವ ಮುಂಚೆ ಮಿರಜಿನಿಂದ ಪಂಢರಾಪುರ, ಲಾತೂರಿನ ಕಡೆಗೆ ಓಡುತ್ತಿದ್ದ ಚಿಕ್ಕ ರೈಲಿನ ಹಳಿಯ ಅಗಲವೂ ಇದೇ, ಎರಡೂವರೆ ಅಡಿ. ಆಯಿಗೆ ಆ ರೈಲು ನೆನಪಿದ್ದರೆ ಮೊಮ್ಮಕ್ಕಳಿಗೆ ದಾರಿಯುದ್ದಕ್ಕೂ ಕತೆ ಸಿಕ್ಕಂತೆಯೇ.

ಒಂದು ಕೊರತೆ ಇದೆ. ಶಿಮ್ಲಾ ಪೇಟೆಯಲ್ಲಿ ಕ್ರಿಸ್ತಜಯಂತಿಗೆ ಹಿಮ ಬೀಳುತ್ತದೆಂಬ ಭರವಸೆಯಿಲ್ಲ. ಹಿಮವೇ ಬೇಕೆಂದವರು ಸುಮಾರು 60 ಕಿಲೋಮೀಟರ್ ಮೇಲಿನ ನಾರ್ಕಂಡಾಕ್ಕೆ, ಸುಮಾರು 2,700 ಮೀಟರ್ ಎತ್ತರಕ್ಕೆ ಹೋಗಬೇಕು. ಹಿಮ ಚೆನ್ನಾಗಿ ಬಿದ್ದ ವರ್ಷ ಅಲ್ಲಿ ಸ್ಕೀ ಕಲಿಸುತ್ತಾರೆ. ಅಪ್ಪ-ಮಕ್ಕಳು ಬೆಳಗ್ಗೆ ಹೋಗಿ ಸಂಜೆಗೆ ಬಂದರೆ ಹಿರಿಯರು ಶಿಮ್ಲಾದ ಬಿಸಿಲಲ್ಲಿ ಹಾಯಾಗಿ ಇರಬಹುದು.

ಮನಾಲಿ ಮತ್ತು ಔಲಿ

ಮನಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಹತ್ತಿರದ ಸೋಲಂಗ್ ಕಣಿವೆಯಲ್ಲಿ ಸ್ಕೀ ಇಳಿಜಾರುಗಳಿವೆ. ಪರ್ವತಾರೋಹಣ ಸಂಸ್ಥೆ 1961ರಿಂದ ಇಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗದಿಂದಾಗಿ ಲಾಹೌಲ್ ಕಣಿವೆಯ ಹಿಮವೂ ಹತ್ತಿರವಾಗಿದೆ. ಆದರೆ ವರ್ಷದ ಕೊನೆಯ ವಾರದಲ್ಲಿ ಅಲ್ಲಿನ ರಸ್ತೆಯಲ್ಲಿ ವಾಹನಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಚಿಕ್ಕ ಮಕ್ಕಳು, ಮಧುಮೇಹದವರು ಇದ್ದರೆ ತಿಂಡಿ, ನೀರು ಕೈಯಲ್ಲೇ ಇರಲಿ.

ಉತ್ತರಾಖಂಡದ ಔಲಿಯ ಇಳಿಜಾರು ಸುಂದರ. 2011ರಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ಇಲ್ಲಿ ನಡೆದವು. ಗಡಿ ಕಾಯುವ ಪೊಲೀಸ್ ಪಡೆಯ ಯೋಧರು ತರಬೇತಿ ಪಡೆಯುವ ಜಾಗ ಇದು. ಊರಿನ ಸ್ವಭಾವವೂ ಹಾಗೆಯೇ, ಗಟ್ಟಿಗರಿಗೆ. ಋಷಿಕೇಶದಿಂದ ತಿರುವುಗಳ ದಾರಿಯಲ್ಲಿ ಸುಮಾರು 250 ಕಿಲೋಮೀಟರ್ ಪಯಣ. ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಔಲಿಗೆ ಹೋಗುವ ರೋಪ್‌ವೇಯನ್ನೂ ನಿಲ್ಲಿಸಲಾಯಿತು. ಹಳೆಯ ಜಾಹೀರಾತು ನಂಬಿ ಹೊರಡದೆ ಸ್ಥಿತಿ ಕೇಳಿಕೊಂಡೇ ಹೋಗಿ. ಯುವಕರ ಗುಂಪಿಗೆ ಔಲಿ ಸರಿ, ಆಯಿ-ಅಜ್ಜನಿಗೆ ಅಲ್ಲ.

ರಜೆ ಒಂದು ತಿಂಗಳು, ಹಿಮ ಇನ್ನೊಂದು ತಿಂಗಳು

ನಮ್ಮ ದೊಡ್ಡ ತೊಂದರೆ ಪಂಚಾಂಗದ್ದು. ಮಕ್ಕಳಿಗೆ ಬಿಡುವು ಸಿಗುವುದು ಡಿಸೆಂಬರ್ ಕೊನೆಗೆ. ಕಾಶ್ಮೀರದಲ್ಲಿ 'ಚಿಲ್ಲೈ ಕಲಾನ್' ಎಂಬ 40 ದಿನಗಳ ಕಡುಚಳಿ ಶುರುವಾಗುವುದೇ ಡಿಸೆಂಬರ್ 21ಕ್ಕೆ; ಸ್ಕೀಗೆ ಬೇಕಾದ ದಪ್ಪ ಹಿಮ ಕೂಡುವುದು ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ. ಆ ಹೊತ್ತಿಗೆ ನಮ್ಮಲ್ಲಿ ಪರೀಕ್ಷೆಯ ಚಿಂತೆ. ಹವಾಮಾನವೂ ಮೊದಲಿನಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಕಂದುಬಣ್ಣಕ್ಕೆ ತಿರುಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು.

ಆದ್ದರಿಂದ ಕ್ರಿಸ್ತಜಯಂತಿಯ ರಜೆಗೆ ಹೋಗುವವರು ಮಕ್ಕಳಿಗೆ "ಸ್ಕೀ ಕಲಿಸ್ತೀವಿ" ಎಂದು ಮಾತು ಕೊಡಬೇಡಿ. "ಹಿಮ ಇದ್ದರ ನೋಡೋಣು, ಇಲ್ಲಂದ್ರ ಬೆಟ್ಟ ನೋಡೋಣು" ಎನ್ನಿ. ಹಿಮವಿಲ್ಲದಿದ್ದರೂ ಚೆಂದವಿರುವ ಊರನ್ನು ಆರಿಸಿ. ಹಳೆಯ ಊರುಗಳ ಲಾಭ ಇದೇ. ಸ್ಕೀಯನ್ನೇ ಕಲಿಯಬೇಕೆಂಬ ಹಟವಿದ್ದರೆ ಹತ್ತನೇ, ಹನ್ನೆರಡನೇ ತರಗತಿ ಮುಗಿದ ಮಗನಿಗೋ ಮಗಳಿಗೋ ಮುಂದಿನ ವರ್ಷಗಳಲ್ಲಿ ಫೆಬ್ರವರಿಯ ಸರ್ಕಾರಿ ತರಬೇತಿ ಶಿಬಿರಕ್ಕೆ ಕಳಿಸುವುದು ಒಳ್ಳೆಯದು.

ಮಿರಜಿನಿಂದ ಎಷ್ಟು ದಿನ?

ಮಿರಜಿನಿಂದ ದೆಹಲಿಗೆ ಗೋವಾ ಎಕ್ಸ್‌ಪ್ರೆಸ್ ಇದೆ: ಎರಡು ರಾತ್ರಿ, ಒಂದು ಹಗಲು. ಕ್ರಿಸ್ತಜಯಂತಿಯ ಪೂಜೆ, ನೆರೆಹೊರೆಗೆ ತಿಂಡಿ ಹಂಚುವುದು ಎಲ್ಲ ಮುಗಿಸಿ 26ರ ರಾತ್ರಿ ಹೊರಟರೆ 28ರ ಬೆಳಗ್ಗೆ ದೆಹಲಿ. ಅಲ್ಲಿಂದ ಕಾಲ್ಕಾ ತಲುಪಿ ಪುಟ್ಟ ರೈಲು ಹಿಡಿದರೆ 29ಕ್ಕೆ ಶಿಮ್ಲಾ. ಕಾಶ್ಮೀರಕ್ಕೆ ಈಗ ರೈಲು ಇದೆ. 2025ರ ಜೂನ್ 6ರಂದು ಚೆನಾಬ್ ಸೇತುವೆ ಉದ್ಘಾಟನೆಯಾಗಿ ಕಟ್ರಾದಿಂದ ಶ್ರೀನಗರಕ್ಕೆ ವಂದೇ ಭಾರತ್ ಶುರುವಾಯಿತು. ನದಿಯಿಂದ 359 ಮೀಟರ್ ಎತ್ತರದ ಆ ಸೇತುವೆಯನ್ನು ನೋಡುವುದೇ ಒಂದು ಅನುಭವ. ಆದರೆ ದೆಹಲಿಯಿಂದ ಒಂದು ರಾತ್ರಿ ಕಟ್ರಾಕ್ಕೆ, ಅಲ್ಲಿ ರೈಲು ಬದಲಿಸಿ ಶ್ರೀನಗರ, ಮಾರನೇ ದಿನ ತಂಗ್‌ಮಾರ್ಗ್ ಮೂಲಕ ಗುಲ್ಮಾರ್ಗ್ ಎಂದರೆ 30ನೇ ತಾರೀಖು ಬರುತ್ತದೆ. ಮೂರು ದಿನದ ಹಿಮಕ್ಕೆ ಹತ್ತು-ಹನ್ನೊಂದು ದಿನ ಬೇಕು. ಅಷ್ಟು ರಜೆ ಎಲ್ಲರಿಗೂ ಸಿಗುವುದಿಲ್ಲ. ಪುಣೆಯಿಂದ ವಿಮಾನ ಹಿಡಿದರೆ ದಿನ ಉಳಿಯುತ್ತದೆ, ಹಣ ಉಳಿಯುವುದಿಲ್ಲ.

ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಅಂದರೆ ಡಿಸೆಂಬರ್ 26ರ ಟಿಕೆಟ್ ಅಕ್ಟೋಬರ್ 27ರ ಸುಮಾರಿಗೆ ತೆರೆಯುತ್ತದೆ. ಆ ಬೆಳಗ್ಗೆಯೇ ತೆಗೆಸಿ; ಹಿರಿಯರಿಗೆ ಕೆಳಗಿನ ಬರ್ತ್ ಕೇಳಿ. ಡಿಸೆಂಬರ್-ಜನವರಿಯಲ್ಲಿ ಉತ್ತರದ ಮಂಜಿನಿಂದ ರೈಲುಗಳು ತಡವಾಗುತ್ತವೆ. ದೆಹಲಿಯಲ್ಲಿ ಇಳಿದು ಎರಡೇ ಗಂಟೆಯಲ್ಲಿ ಇನ್ನೊಂದು ರೈಲು ಹಿಡಿಯುವ ಲೆಕ್ಕ ಹಾಕಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಭಡಂಗ ಜೊತೆಗಿದ್ದರೆ ತಡವಾದ ರೈಲು ಅಷ್ಟು ಬೇಸರ ತರಿಸುವುದಿಲ್ಲ.

ಖರ್ಚಿನ ಪಟ್ಟಿ ಬರೆಯುವಾಗ ನಾವು ಪ್ರಯಾಣ, ಹೋಟೆಲ್, ಊಟ ಎಂದು ಮೂರೇ ಬರೆಯುತ್ತೇವೆ. ಹಿಮದೂರಿಗೆ ಇನ್ನೂ ಮೂರು ಸಾಲು ಸೇರಿಸಿ: ಬೆಚ್ಚನೆಯ ಬಟ್ಟೆ ಮತ್ತು ಬಾಡಿಗೆ ಬೂಟು, ಚಳಿಗಾಲದಲ್ಲಿ ಕಡ್ಡಾಯವಾಗುವ ಸ್ಥಳೀಯ ಗಾಡಿ, ಗೊಂಡೋಲಾ, ಗೈಡ್, ದಾರಿ ಮುಚ್ಚಿದರೆ ಒಂದೆರಡು ರಾತ್ರಿ ಹೆಚ್ಚು ಉಳಿಯುವ ಖರ್ಚು. ಮೂರನೆಯ ಸಾಲಿಗೆ ಹಣವಿಲ್ಲದಿದ್ದರೆ ಆ ಊರು ಈ ವರ್ಷ ನಮಗಲ್ಲ. ಸಾಲ ಮಾಡಿ ಹಿಮ ನೋಡಿದರೆ ಹಿಮ ಕರಗುತ್ತದೆ, ಕಂತು ಕರಗುವುದಿಲ್ಲ.

ಉಸಿರು ಮತ್ತು ಬೆಂಕಿ

ಮಿರಜ್ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ್ 2,650. ಗೊಂಡೋಲಾದ ತುದಿಯಲ್ಲಿ ನಮ್ಮ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 40 ಕಡಿಮೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಶುರುವಾಗುತ್ತದೆ. ಮೊದಲ ದಿನ ವಿಶ್ರಾಂತಿ, ಸಾಕಷ್ಟು ನೀರು. ಲಕ್ಷಣ ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಹೃದಯದ ತೊಂದರೆ, ದಮ್ಮು, ರಕ್ತಹೀನತೆ ಇರುವವರು ಮತ್ತು ಗರ್ಭಿಣಿಯರು ಹೊರಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಆಸ್ಪತ್ರೆಗಳ ಊರಾದ ಮಿರಜಿನಲ್ಲಿ ವೈದ್ಯರಿಗೆ ಕೊರತೆಯಿಲ್ಲ, ಕೇಳುವ ಮನಸ್ಸು ಬೇಕಷ್ಟೆ.

ಬಟ್ಟೆಯ ವಿಷಯ: ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಒಳ್ಳೆಯದು. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಮೈಗೆ ತಾಗುವುದು ಉಣ್ಣೆ ಅಥವಾ ಥರ್ಮಲ್ ಇರಲಿ. ಪ್ರತಿಯೊಬ್ಬರಿಗೂ ಎರಡು ಜೊತೆ ಕಾಲುಚೀಲ ಹೆಚ್ಚಾಗಿರಲಿ. ಹಿಮದ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕಪ್ಪು ಕನ್ನಡಕ ಶೋಕಿಯಲ್ಲ.

ಎಲ್ಲಕ್ಕಿಂತ ಮುಖ್ಯ, ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಗ್ಯಾಸ್ ಹೀಟರ್ ಉರಿಸಿ ಮಲಗಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ. 2025ರ ಜನವರಿಯಲ್ಲಿ ಶ್ರೀನಗರದ ಬಾಡಿಗೆ ಮನೆಯಲ್ಲಿ ಒಂದೇ ಕುಟುಂಬದ ಐವರು ಹೀಗೆ ಉಸಿರುಗಟ್ಟಿ ಸತ್ತರು. ಬಿಸಿನೀರಿನ ರಬ್ಬರ್ ಚೀಲ ಮನೆಯಿಂದಲೇ ಒಯ್ಯಿರಿ. ರಾತ್ರಿ ಆಯಿಯ ಕಾಲಿನ ಬಳಿ ಇಟ್ಟರೆ ಸಾಕು.

ಹಿಮವಿಲ್ಲದಿದ್ದರೂ ಬೆಟ್ಟ ನಮ್ಮದೇ

ಲೆಕ್ಕವೆಲ್ಲ ಹಾಕಿದ ಮೇಲೆ ದಿನ ಸಾಲದು, ಹಣ ಸಾಲದು, ಆಯಿಯ ಉಸಿರು ಸಾಲದು ಎಂದು ತಿಳಿದರೆ ರಜೆ ಕೆಟ್ಟಿತೆಂದು ಅಂದುಕೊಳ್ಳಬೇಡಿ. ಸಾಂಗ್ಲಿಯ ಘಾಟಿನಲ್ಲಿ ನಾವು ನೋಡುವ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕರಾಡ, ಸಾತಾರಾ ಮೂಲಕ ಹೋದರೆ ಅರ್ಧ ದಿನದ ದಾರಿ. ಎತ್ತರ ಸುಮಾರು 1,350 ಮೀಟರ್, ಯಾರ ಎದೆಗೂ ಭಾರವಲ್ಲ. ಬ್ರಿಟಿಷ್ ಗವರ್ನರ್ ಜಾನ್ ಮಾಲ್ಕಮ್ 1828ರ ಸುಮಾರಿಗೆ ಇಲ್ಲಿ ಗಿರಿಧಾಮ ಶುರುಮಾಡಿದ್ದೇ ಬಯಲುಸೀಮೆಯ ಬೇಗೆಯಲ್ಲಿ ಸೊರಗಿದವರು ಚೇತರಿಸಿಕೊಳ್ಳಲೆಂದು. ಪಕ್ಕದ ಪಂಚಗಣಿಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಕ್ಷಯರೋಗಿಗಳಿಗೆ ಸ್ಯಾನಿಟೋರಿಯಂ ಬಂತು. ಅಂದರೆ ದಾವೋಸ್‌ನ ಕುಲಕ್ಕೇ ಸೇರಿದ ಊರುಗಳು ನಮ್ಮ ನದಿಯ ತಲೆಯಲ್ಲೇ ಇವೆ.

ಕಡುಚಳಿಯ ಬೆಳಗ್ಗೆ ವೆಣ್ಣಾ ಕೆರೆಯ ಬಳಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬಿಳಿ ಪದರ ಕೂರುವುದುಂಟು. ಸೂರ್ಯ ಏಳುವ ಮುನ್ನ ಎದ್ದು ಹೋದ ಮಕ್ಕಳಿಗೆ ಅದೂ ಹಿಮವೇ. ಡಿಸೆಂಬರ್‌ನಿಂದ ಸ್ಟ್ರಾಬೆರಿ ಹಣ್ಣು ಶುರು. ಹಳೆಯ ಹೋಲಿ ಕ್ರಾಸ್ ಚರ್ಚಿನಲ್ಲಿ ಪ್ರಾರ್ಥಿಸಿ ಬರಬಹುದು. ಪೂಜೆಯ ವೇಳೆ ಮೊದಲೇ ವಿಚಾರಿಸಿ. ಎರಡು ರಾತ್ರಿ ಸಾಕು, ಮನೆಯವರೆಲ್ಲ ಹೋಗಬಹುದು.

ಇಟಲಿಯ ಟ್ಯೂರಿನ್ನಿನ ಯುವಕ ಸಂತ ಪಿಯರ್ ಜೊರ್ಜೊ ಫ್ರಸಾತಿ ಸ್ಕೀ ಮತ್ತು ಬೆಟ್ಟವೆಂದರೆ ಪ್ರಾಣ ಬಿಡುತ್ತಿದ್ದವರು. 1925ರಲ್ಲಿ 24ನೇ ವಯಸ್ಸಿನಲ್ಲಿ ತೀರಿಕೊಂಡ ಅವರಿಗೆ 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ದೊರಕಿತು. ಬೆಟ್ಟಕ್ಕೆ ಹೊರಡುವ ದಿನವೂ ಅವರು ಬಲಿಪೂಜೆ ತಪ್ಪಿಸುತ್ತಿರಲಿಲ್ಲ, ಊರಿನ ಬಡವರ ಮನೆಯನ್ನೂ ಮರೆಯುತ್ತಿರಲಿಲ್ಲ. ಬೆಟ್ಟ ಹತ್ತುವ ಸಂತೋಷ ಮತ್ತು ಮನೆಯವರ ಕಾಳಜಿ ಒಂದಕ್ಕೊಂದು ವಿರೋಧವಲ್ಲ ಎನ್ನಲು ಇಷ್ಟು ಸಾಕು.

ಈ ವಾರ ಊಟವಾದ ಮೇಲೆ ಮನೆಯವರೆಲ್ಲ ಒಂದು ಹಾಳೆ ಇಟ್ಟುಕೊಂಡು ಕುಳಿತುಕೊಳ್ಳಿ. ಎಷ್ಟು ದಿನ ರಜೆ, ಸಾಲವಿಲ್ಲದೆ ಎಷ್ಟು ಹಣ, ಯಾರ ಆರೋಗ್ಯ ಹೇಗಿದೆ ಎಂದು ಮೂರು ಸಾಲು ಬರೆಯಿರಿ. ಊರಿನ ಹೆಸರನ್ನು ನಾಲ್ಕನೆಯ ಸಾಲಿನಲ್ಲಿ ಬರೆಯಿರಿ, ಮೊದಲ ಸಾಲಿನಲ್ಲಿ ಬೇಡ. ಯುವಕರು ಗುಲ್ಮಾರ್ಗ್‌ಗೆ ಹೋಗಲಿ. ದಿನವಿದ್ದ ಕುಟುಂಬ ಶಿಮ್ಲಾಕ್ಕೆ ಹೋಗಲಿ. ಉಳಿದವರು ಕೃಷ್ಣೆಯ ತವರಿಗೆ ಹೋಗಿ ಬರಲಿ. ಮಾತು ಶುರುಮಾಡುವ ಮುನ್ನ ಆಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: "ಆಯಿ, ನಿಮಗ ಯಾವ ಊರು ಆಗ್ತದ ಹೇಳ್ರಿ, ಅಲ್ಲಿಗೇ ಹೋಗೋಣು." ಆಗ "ನಾ ಮನ್ಯಾಗ ಇರ್ತೀನಿ" ಎನ್ನುವ ಅವಸರ ಅವರಿಗೆ ಇರುವುದಿಲ್ಲ.